ಕಳ್ಳನಿಗೆ ರೆಕ್ಕೆ ಬೇಡ, ಪೈಪು ಸಾಕು

ಪ್ರಶ್ನೆ: ಸರ್, ನಮಸ್ಕಾರ. ನಾನು ಅರಸೀಕೆರೆ ಕಡೆಯವನು, ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇನೆ. ನಾಲ್ವರು ಗೆಳೆಯರು ಸೇರಿ 1975ರ ಒಂದು ಸಣ್ಣ ವಿಮಾನ, ಸೆಸ್ನಾ 172, ಕೊಂಡಿದ್ದೇವೆ. ಹ್ಯಾಂಗರ್ (ವಿಮಾನದ ಶೆಡ್ಡು) ಸಿಗಲಿಲ್ಲ. ಊರಾಚೆಯ ಸಣ್ಣ ಏರ್‌ಪೋರ್ಟಿನ ಬಯಲಲ್ಲೇ ಹಗ್ಗ ಕಟ್ಟಿ ನಿಲ್ಲಿಸುತ್ತೇವೆ. ಕಳೆದ ತಿಂಗಳು ಎರಡೂ ಟ್ಯಾಂಕು ತುಂಬಿಸಿ, ಮುಚ್ಚಳವನ್ನು ನಾನೇ ಕೈಯಾರೆ ತಿರುಗಿಸಿ ಬಂದಿದ್ದೆ. ಹನ್ನೆರಡು ದಿನ ಬಿಟ್ಟು ಹೋದರೆ ಬಲ ರೆಕ್ಕೆಯಲ್ಲಿ ಹತ್ತು ಗ್ಯಾಲನ್ನಿನಷ್ಟು ಇಲ್ಲ. ಎಡದ್ದು ಹೆಚ್ಚುಕಡಿಮೆ ತುಂಬಿಯೇ ಇತ್ತು. ಬಲಗಡೆ ಮುಚ್ಚಳ ಅರ್ಧಂಬರ್ಧ ಕೂತಿತ್ತು. ಇದು ಕಳ್ಳತನವೋ, ಸೋರಿಕೆಯೋ, ಇಲ್ಲ ನಮ್ಮಲ್ಲೇ ಯಾರಾದರೂ ಹಾರಿಸಿ ಬಾಯಿ ಬಿಡುತ್ತಿಲ್ಲವೋ? ಹೋಗಿದ್ದು ಎಪ್ಪತ್ತು ಡಾಲರಿನ ಮಾಲು, ಆದರೆ ಮನಸ್ಸು ಕೆಟ್ಟಿದೆ. ಹೆಸರು ಹಾಕಬೇಡಿ, ಗೆಳೆಯರೂ ಈ ಪತ್ರಿಕೆ ಓದುತ್ತಾರೆ.

ಉತ್ತರ: ಹೆಸರು ಹಾಕಿಲ್ಲ. ಆದರೆ ಟೆಕ್ಸಾಸ್‌ನಲ್ಲಿ ನಾಲ್ವರು ಕನ್ನಡಿಗರ ಸೆಸ್ನಾ ಎಷ್ಟಿರಬಹುದು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಮೊದಲು ಗೆಳೆಯರ ವಿಷಯ ಮುಗಿಸೋಣ, ಅದಕ್ಕೆ ಎರಡು ನಿಮಿಷ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಟ್ಯಾಕ್ ಮೀಟರ್ ಇದೆಯಲ್ಲ, ಎಂಜಿನ್ ಎಷ್ಟು ಗಂಟೆ ತಿರುಗಿದೆ ಅಂತ ಕೂಡಿಡುತ್ತಾ ಹೋಗುವ ಆ ಸಣ್ಣ ಅಂಕಿ. ನೀವು ಕೊನೆಯ ಸಲ ಪುಸ್ತಕದಲ್ಲಿ ಬರೆದ ಅಂಕಿಯೂ ಅದೂ ಒಂದೇ ಇದ್ದರೆ ಯಾರೂ ಹಾರಿಸಿಲ್ಲ. ನಿಮ್ಮ ವಿಮಾನ ಗಂಟೆಗೆ ಎಂಟು ಗ್ಯಾಲನ್, ಅಂದರೆ ಮೂವತ್ತು ಲೀಟರ್ ಕುಡಿಯುತ್ತದೆ. ಹತ್ತು ಗ್ಯಾಲನ್ ಖರ್ಚಾಗಬೇಕಾದರೆ ಒಂದು ಗಂಟೆ ಹದಿನೈದು ನಿಮಿಷ ಎಂಜಿನ್ ಓಡಬೇಕು, ಅದು ಮೀಟರಿನಲ್ಲಿ ಕಾಣದೆ ಇರುವುದಿಲ್ಲ. ಇದನ್ನು ನೋಡುವ ತನಕ ಗೆಳೆಯರ ಹತ್ತಿರ ಈ ಮಾತೇ ಎತ್ತಬೇಡಿ.

ಇನ್ನು ಸೋರಿಕೆ. ಒಂದು ಟ್ಯಾಂಕು ತುಂಬಿ, ಇನ್ನೊಂದು ಖಾಲಿಯಾಗಿದೆ ಅಂದ ಕೂಡಲೇ ನನಗೆ ಕಳ್ಳನಿಗಿಂತ ಮೊದಲು ನೆನಪಾಗುವುದು ನೆಲದ ಇಳಿಜಾರು. 172ರ ಎರಡೂ ಟ್ಯಾಂಕು ಸೆಲೆಕ್ಟರ್ (ಯಾವ ಟ್ಯಾಂಕಿನಿಂದ ಪೆಟ್ರೋಲ್ ಬರಬೇಕು ಅಂತ ಆರಿಸುವ ತಿರುಗಣೆ) ಮೂಲಕ ಒಂದಕ್ಕೊಂದು ಸೇರಿಕೊಂಡಿವೆ. ಸೆಲೆಕ್ಟರನ್ನು ‘ಬೋತ್’ನಲ್ಲಿ, ಅಂದರೆ ಎರಡೂ ಟ್ಯಾಂಕು ತೆರೆದಂತೆ, ಬಿಟ್ಟು, ವಿಮಾನವನ್ನು ಎಡಕ್ಕೆ ವಾಲಿದ ಜಾಗದಲ್ಲಿ ನಿಲ್ಲಿಸಿದರೆ ಬಲದ ಪೆಟ್ರೋಲ್ ನಿಧಾನಕ್ಕೆ ಎಡಕ್ಕೆ ಹರಿಯುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಎಡ ರೆಕ್ಕೆಯಡಿ, ರೆಕ್ಕೆಗೆ ಆಸರೆ ಕೊಟ್ಟ ಓರೆ ಕಂಬದ ಹಿಂದಿರುವ ಗಾಳಿ ಕೊಳವೆಯಿಂದ ತೊಟತೊಟ ನೆಲಕ್ಕೆ ಬೀಳುತ್ತದೆ. ಎಡ ತುಂಬಿದೆ, ಬಲ ಇಳಿದಿದೆ! ಕಳ್ಳನೂ ಇಲ್ಲ, ಗೆಳೆಯನೂ ಇಲ್ಲ. ಅದಕ್ಕೇ ನಿಲ್ಲಿಸುವಾಗ ಸೆಲೆಕ್ಟರನ್ನು ಎಡಕ್ಕೋ ಬಲಕ್ಕೋ ತಿರುಗಿಸಿಡುವುದು. ಬಿಸಿಲಿಗೆ ಉಬ್ಬಿ ಹೊರಗೆ ಹೋಗುವುದೂ ಉಂಟು, ಆದರೆ ಅದು ಒಂದು ಗ್ಯಾಲನ್ನಿನ ಒಳಗಿನ ಮಾತು.

ಸೋರಿದ್ದರೆ ಗುರುತು ಬಿಟ್ಟಿರುತ್ತದೆ. ನೀವು ಹಾಕುವ 100 ಎಲ್‌ಎಲ್ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲ್ ಆವಿಯಾಗಿ ಹೋದ ಮೇಲೂ ಬಣ್ಣ ಉಳಿಯುತ್ತದೆ. ಹಳೆಯ ಸೀರೆಗೆ ಅಂಟಿದ ಇಂಕಿನ ಹಾಗೆ ಬಿಳಿ ರೆಕ್ಕೆಯ ತಳದಲ್ಲಿ ಒಂದು ನೀಲಿ ನಾಲಗೆ. ಗಾಳಿ ಕೊಳವೆಯ ಸುತ್ತ, ಡ್ರೈನ್ ಮೂತಿಯ ಸುತ್ತ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ನೀಲಿ ಇಲ್ಲದಿದ್ದರೆ ಸೋರಿಲ್ಲ. ಮೇಲೆ ಮುಚ್ಚಳದ ಸುತ್ತ ಮಾತ್ರ ನೀಲಿ ಇದ್ದರೆ ಯಾರೋ ಆತುರದಲ್ಲಿ ಪೈಪು ಎಳೆದುಕೊಂಡಿದ್ದಾರೆ.

ನನ್ನ ಕೇಳಿದರೆ ಇದು ಕಳ್ಳತನವೇ. ಇಳಿಜಾರು ಪೆಟ್ರೋಲನ್ನು ಹರಿಸಬಹುದು, ಮುಚ್ಚಳ ತಿರುಗಿಸಲಾರದು. ನಿಮ್ಮದು ಮೇಲ್ರೆಕ್ಕೆಯ ವಿಮಾನ, ಪೈಪು ಇಳಿಬಿಟ್ಟರೆ ಉಳಿದದ್ದನ್ನು ಭೂಮಿಯೇ ಎಳೆದುಕೊಳ್ಳುತ್ತದೆ. ದೀಪದ ಕಂಬ ಎಡಗಡೆಗಿದೆಯೇ ನೋಡಿ. ಇದ್ದರೆ ಬಲವನ್ನೇ ಯಾಕೆ ಆರಿಸಿದ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಹತ್ತು ಗ್ಯಾಲನ್ ಅಂದರೆ ಎರಡು ಐದೈದು ಗ್ಯಾಲನ್ನಿನ ಕ್ಯಾನು, ಎರಡು ಕೈಗೆ ಸರಿಯಾಗಿ ಒಂದು ಸಲದ ಹೊರೆ.

ಈಗ ನನ್ನದೂ ಒಂದು ತಪ್ಪೊಪ್ಪಿಗೆ. ಎಂಬತ್ತರ ದಶಕದಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ (ಯಾವುದು ಅಂತ ಕೇಳಬೇಡಿ) ನಾನು ಮೆಕ್ಯಾನಿಕ್. ಬೆಳಿಗ್ಗೆ ಹೆಲ್ಪರ್ ಹುಡುಗ ಪ್ರತಿ ವಿಮಾನದ ಸಂಪಿನಿಂದ ಒಂದು ಲೋಟ ಪೆಟ್ರೋಲ್ ಬಸಿದು, ನೀರು ಬಂದಿದೆಯಾ ನೋಡಿ, ಡಬ್ಬಕ್ಕೆ ಸುರಿಯುತ್ತಿದ್ದ. ಸಂಪ್ ಅಂದರೆ ನಮ್ಮ ಬೆಂಗಳೂರಿನ ಮನೆ ಮುಂದಿನ ಸಂಪಲ್ಲ, ಟ್ಯಾಂಕಿನ ತಳದ ಗುಂಡಿ. ಆ ಡಬ್ಬ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿರಲಿಲ್ಲ. ಒಂದು ದಿನ ಅವನ ಲೂನಾ ಪಕ್ಕ ಬೀಡಿ ಹಚ್ಚದೆ ನಿಂತಿದ್ದಾಗ (ಆ ಮಟ್ಟಿಗೆ ಬುದ್ಧಿ ಇತ್ತು) ಟ್ಯಾಂಕಿನಿಂದ ಕಾರ್ಬುರೇಟರಿಗೆ ಹೋಗುವ ಪ್ಲಾಸ್ಟಿಕ್ ಪೈಪಿನಲ್ಲಿ ಆಕಾಶನೀಲಿ ಕಂಡಿತು. ಟೂ-ಟಿ ಎಣ್ಣೆಯ ಬಣ್ಣವಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಲೆಡ್ಜರಿನಲ್ಲಿ ಕಡಿಮೆ ಬಿದ್ದದ್ದಕ್ಕೆ ‘ಆವಿ’ ಅಂತ ಬರೆದೆ. ಬಡವರ ಹುಡುಗ, ಲೋಟದ ಲೆಕ್ಕ ಅಂದುಕೊಂಡಿದ್ದೆ. ನಾಲ್ಕು ತಿಂಗಳಲ್ಲಿ ಲೋಟ ಹೋಗಿ ಕ್ಯಾನ್ ಬಂದಿತ್ತು. ಒಂದು ಬೆಳಿಗ್ಗೆ ಇನ್‌ಸ್ಟ್ರಕ್ಟರ್ ಸಾಹೇಬರು ಸೆಸ್ನಾ 152ರ ಟ್ಯಾಂಕಿಗೆ ಅಳತೆ ಕೋಲು ಬಿಟ್ಟು, ಎತ್ತಿ, ತುದಿ ಮಾತ್ರ ಒದ್ದೆಯಾಗಿದ್ದನ್ನು ನನ್ನ ಮೂಗಿನ ಮುಂದೆ ಹಿಡಿದರು. “ಇವತ್ತು ಆವಿ ಎಷ್ಟಾಯ್ತಪ್ಪಾ?” ಅಂದರು. ಅವತ್ತು ಮೊದಲ ಸಲ ಒಬ್ಬಳೇ ಹಾರಬೇಕಿದ್ದ ಹುಡುಗಿ ಪಕ್ಕದಲ್ಲೇ ಹೆಲ್ಮೆಟ್ಟಿನಷ್ಟು ದೊಡ್ಡ ಹೆಡ್‌ಸೆಟ್ ಹಿಡಿದು ನಿಂತಿದ್ದಳು. ಪುಸ್ತಕದಲ್ಲಿ ಟ್ಯಾಂಕು ಮುಕ್ಕಾಲು ಅಂತ ನನ್ನದೇ ಸಹಿ ಇತ್ತು.

ಹಾಗಾಗಿ ಎಪ್ಪತ್ತು ಡಾಲರ್ ಮರೆತುಬಿಡಿ. ನಿಮ್ಮ ಎರಡು ಟ್ಯಾಂಕು ಸೇರಿ 42 ಗ್ಯಾಲನ್, ಅದರಲ್ಲಿ ಹಾರಾಟಕ್ಕೆ ಸಿಗುವುದು 38. ನಾಲ್ಕೂಮುಕ್ಕಾಲು ಗಂಟೆ ಇದೆ ಅಂದುಕೊಂಡು ಹೊರಟವನಿಗೆ ನಿಜವಾಗಿ ಇದ್ದದ್ದು ಮೂರೂವರೆ. ಅಮೆರಿಕದ ನಿಯಮ ಹಗಲಲ್ಲಿ ಕೈಯಲ್ಲಿಟ್ಟುಕೊಳ್ಳಿ ಅನ್ನುವುದು ಅರ್ಧ ಗಂಟೆಯ ಇಂಧನ. ಕಳ್ಳ ಕದ್ದದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ಹಳೆಯ ಸೆಸ್ನಾದ ಇಂಧನ ಮುಳ್ಳನ್ನು ನಂಬಿದವರನ್ನು ನಾನು ನಂಬುವುದಿಲ್ಲ. ಊರಲ್ಲಿ ಟ್ರ್ಯಾಕ್ಟರಿನ ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡುತ್ತಾರಲ್ಲ, ಹಾಗೆ ಪ್ರತಿ ಸಲವೂ ಕೋಲು ಬಿಡಿ. ಇಳಿದ ಮೇಲೂ ಬಿಡಿ, ಎರಡೂ ಅಳತೆಯನ್ನು ಟ್ಯಾಕ್ ಅಂಕಿಯ ಪಕ್ಕ ಬರೆಯಿರಿ. ನಾಲ್ಕು ಜನರ ವಿಮಾನಕ್ಕೆ ಇದಕ್ಕಿಂತ ಒಳ್ಳೆಯ ಸ್ನೇಹಪತ್ರ ಇಲ್ಲ.

ಅರ್ಧ ಕೂತ ಮುಚ್ಚಳ ಇನ್ನೂ ಕೆಟ್ಟದ್ದು. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಸಡಿಲ ಮುಚ್ಚಳದ ಸಂದಿನಿಂದ ಆ ಗಾಳಿ ಉಳಿದ ಪೆಟ್ರೋಲನ್ನೂ ಹೀರಿ ಚೆಲ್ಲುತ್ತದೆ. ನೆಲದ ಮೇಲೆ ಒಬ್ಬ ಕದ್ದ, ಆಕಾಶದಲ್ಲಿ ಇನ್ನೊಬ್ಬ. ಹನ್ನೆರಡು ದಿನದಲ್ಲಿ ಮಳೆ ಬಂದಿದ್ದರೆ ನೀರೂ ಇಳಿದಿರುತ್ತದೆ, ಕಳ್ಳನ ಪೈಪಿನ ಕಸವೂ ಬಿದ್ದಿರುತ್ತದೆ. ಲೋಟಕ್ಕೆ ಬಸಿದಾಗ ನೀರು ತಳದಲ್ಲಿ ಗುಂಡಗೆ ಮಣಿಯಂತೆ ಕೂರುತ್ತದೆ, ಮೇಲೆ ನೀಲಿ ತೇಲುತ್ತದೆ. ಎಡವುವುದು ಎಲ್ಲಿ ಅಂದರೆ, ಇಡೀ ಲೋಟವೇ ನೀರಾಗಿದ್ದರೆ ಗೆರೆಯೇ ಕಾಣುವುದಿಲ್ಲ, “ಶುದ್ಧವಾಗಿದೆ” ಅಂತ ಹೊರಟುಬಿಡುತ್ತೇವೆ. ಬಿಳಿ ಕಾಗದದ ಮುಂದೆ ಹಿಡಿದು ನೀಲಿ ಇದೆಯೇ ನೋಡಿ. ಎರಡು ಹನಿ ಬೆರಳಿಗೆ ಹಚ್ಚಿಕೊಳ್ಳಿ, ಪೆಟ್ರೋಲಾದರೆ ಚುಳ್ಳನೆ ತಣ್ಣಗಾಗಿ ಮಾಯವಾಗುತ್ತದೆ. ಆಮೇಲೆ ಕೈ ತೊಳೆಯಿರಿ, ಅದರಲ್ಲಿ ಸೀಸವಿದೆ.

ಬೀಗದ ಮುಚ್ಚಳ ಹಾಕಿಸಬಹುದು, ನಿಮ್ಮ ವಿಮಾನಕ್ಕೆ ಮಂಜೂರಾದದ್ದೇ ಆಗಬೇಕು. ಅಂಗಡಿಯಲ್ಲಿ ಕಂಡ ಟ್ರ್ಯಾಕ್ಟರ್ ಮುಚ್ಚಳವಲ್ಲ. ಏರ್‌ಪೋರ್ಟ್ ಕಚೇರಿಗೂ ಪೊಲೀಸರಿಗೂ ಹೇಳಿ. ನಿಮ್ಮ ಪೆಟ್ರೋಲ್ ವಾಪಸ್ ಬರುವುದಿಲ್ಲ, ಆದರೆ ಪಕ್ಕದ ಹಗ್ಗದಲ್ಲಿ ನಿಂತ ವಿಮಾನದವನು ನಾಳೆ ಕೋಲು ಬಿಟ್ಟಾದರೂ ನೋಡುತ್ತಾನೆ.

ಪ್ರಶ್ನೆ: ವಿಮಾನದ ಪೆಟ್ರೋಲ್ ಬೈಕಿಗೆ ಹಾಕಿದರೆ ಪಿಕಪ್ ಜಾಸ್ತಿಯಾಗುತ್ತದಂತೆ, ಹೌದೇ? – ತುಮಕೂರಿನ ಓದುಗರು

ಉತ್ತರ: ಇಲ್ಲ. ಆಕ್ಟೇನ್ ಜಾಸ್ತಿ ಅಂದರೆ ಎಂಜಿನ್ನಿನ ಬಡಿತ (ನಾಕಿಂಗ್) ತಡೆಯುವ ಶಕ್ತಿ ಜಾಸ್ತಿ, ಓಟದ ಶಕ್ತಿಯಲ್ಲ. ನಮ್ಮ ಬಂಕುಗಳ ಪೆಟ್ರೋಲಿನಿಂದ 2000ದಲ್ಲಿ ಸೀಸ ತೆಗೆದರು. ವಿಮಾನದ್ದರಲ್ಲಿ ಇನ್ನೂ ಲೀಟರಿಗೆ 0.56 ಗ್ರಾಂವರೆಗೆ ಇರಬಹುದು. ಬಿಎಸ್-6 ಬೈಕಿನ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರಿಗೂ ಆಕ್ಸಿಜನ್ ಸೆನ್ಸರಿಗೂ ಅದು ವಿಷ. ಆ ಹೆಲ್ಪರ್ ಹುಡುಗನ ಲೂನಾಕ್ಕೆ ಇವೆರಡೂ ಇರಲಿಲ್ಲ, ಬದುಕಿಕೊಂಡಿತು. ಅಂದಹಾಗೆ ಆಗ ನಾವು ಚೆಲ್ಲಿದ್ದೆಲ್ಲ ಹೊರದೇಶದ ಮಾಲು. ಇಂಡಿಯನ್ ಆಯಿಲ್ ತನ್ನ ವಡೋದರಾ ರಿಫೈನರಿಯಲ್ಲಿ ತಯಾರಿಸಿದ ಏವಿಗ್ಯಾಸ್ (ವಿಮಾನದ ಪೆಟ್ರೋಲ್) ಬಿಡುಗಡೆ ಮಾಡಿದ್ದು 2022ರಲ್ಲಿ.

ಪ್ರಶ್ನೆ: ದೊಡ್ಡ ವಿಮಾನಗಳಿಂದಲೂ ಹೀಗೆ ಕದಿಯುತ್ತಾರಾ? – ಹುಬ್ಬಳ್ಳಿಯ ಓದುಗರು

ಉತ್ತರ: ಬೋಯಿಂಗ್ 737-800ರ ಟ್ಯಾಂಕಿಗೆ ಸುಮಾರು 26,000 ಲೀಟರ್ ಹಿಡಿಯುತ್ತದೆ ತಾಯಿ, ಕ್ಯಾನ್ ಹಿಡಿದು ಬಂದವನು ಎಷ್ಟಂತ ಹೊರುತ್ತಾನೆ? ಆ ಇಂಧನವೂ ಸೀಮೆಎಣ್ಣೆಯ ದಾಯಾದಿ, ಅವನ ಕಾರಿಗೆ ಆಗಿಬರುವುದಿಲ್ಲ. ಅಲ್ಲಿ ಕದಿಯುವುದಾದರೆ ರೆಕ್ಕೆಯಿಂದಲ್ಲ, ರಸ್ತೆಯ ಮೇಲೆ ಟ್ಯಾಂಕರಿನಿಂದ. ಅದನ್ನು ಲಾರಿ ಮಾಲೀಕರನ್ನು ಕೇಳಿ, ಡಾಬಾ ಮುಂದೆ ಡೀಸೆಲ್ ಹೇಗೆ ‘ಆವಿ’ಯಾಗುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ.