ಹಳೇ ಸಿಮೆಂಟ್ ಹಲ್ಲಿನಿಂದ ಮೇಲೆದ್ದು ಬಂದಿದೆ, ಯಾಕೆ?

ಪ್ರಶ್ನೆ: ನನಗೆ 43 ವರ್ಷ. ಗ್ಯಾಸ್ಟ್ರಿಕ್ ತೊಂದರೆ ಬಹಳ ದಿನದಿಂದ ಇದೆ. ರಾತ್ರಿ ಮಲಗಿದರೆ ಹುಳಿತೇಗು ಬಾಯಿಯವರೆಗೂ ಬರುತ್ತದೆ. ದವಡೆ ಹಲ್ಲಿನ ಹಳೇ ಬೆಳ್ಳಿ ಸಿಮೆಂಟ್ ಈಚೆಗೆ ಎತ್ತರವಾದ ಹಾಗೆ ನಾಲಿಗೆಗೆ ತಾಗುತ್ತಿದೆ. ವಸಡಿನ ಹತ್ತಿರ ತುಂಬಿಸಿದ್ದ ಬಿಳಿ ಸಿಮೆಂಟ್ ಎರಡೇ ವರ್ಷಕ್ಕೆ ಸವೆದಿದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಕೆಲಸ ಸರಿಯಾಗಿ ಆಗಿಲ್ಲವೇ? ಎಲ್ಲಕ್ಕೂ ಸಿರಾಮಿಕ್ ಕ್ಯಾಪ್ ಹಾಕಿಸಿಬಿಡಲೇ?
– ಓದುಗರು, ಹಾಸನ

ಉತ್ತರ: ಬೆಳ್ಳಿ ಸಿಮೆಂಟ್ ಇದ್ದಲ್ಲೇ ಇರಬೇಕು. ಬಹುಶಃ ತಗ್ಗಿರುವುದು ಅದರ ಸುತ್ತಲಿನ ಹಲ್ಲು. ಕನ್ನಡಿ ಹಿಡಿದು ನೋಡಿ, ನೀರಿಳಿದ ಕೆರೆಯಲ್ಲಿ ಬಂಡೆ ಕಂಡ ಹಾಗೆ ಕಾಣುತ್ತದೆ. ಹುಳಿತೇಗಿನ ಕಥೆ ಕೇಳಿದ ಮೇಲೆ ನನಗೆ ಮೊದಲ ಅನುಮಾನ ಹೊಟ್ಟೆಯ ಆಮ್ಲದ ಮೇಲೆ.

ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮೆಲ್ ಕರಗಲು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಸಾಕು. ಹೊಟ್ಟೆಯ ಆಮ್ಲದ್ದು 1ರಿಂದ 2. ಪಿಎಚ್ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ 5.5ರಿಂದ 1.5ಕ್ಕೆ ಬಂದರೆ 10,000 ಪಟ್ಟು! ಹಗಲಲ್ಲಾದರೆ ಜೊಲ್ಲು ಅದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ. ನಿಮ್ಮ ತೊಂದರೆ ರಾತ್ರಿಯದ್ದು, ಅದೇ ಜಾಸ್ತಿ ಹಾಳು ಮಾಡುವುದು.

ವಸಡಿನ ಹತ್ತಿರ ಹಾಕಿದ್ದು ಗ್ಲಾಸ್ ಅಯೊನೊಮರ್ ಅನ್ನುವ ಬಿಳಿ ಸಿಮೆಂಟ್ ಇದ್ದಿರಬೇಕು. ಆ ಜಾಗಕ್ಕೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಹಲ್ಲಿಗೆ ತಾನಾಗಿ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಒಳ್ಳೆಯ ವಸ್ತುವೇ. ಆದರೆ ಅದನ್ನು ಗಟ್ಟಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ. ಆಮ್ಲ ಅವನ್ನೇ ಕಿತ್ತು ತೆಗೆಯುತ್ತದೆ. ಹಾಗಾಗಿ ಬೇಗ ಸವೆದದ್ದಕ್ಕೆ ಡಾಕ್ಟರ ಕೈಯನ್ನೇ ದೂರಬೇಡಿ. ಕಾಂಪೊಸಿಟ್ (ಹಲ್ಲಿನ ಬಣ್ಣದ ರೆಸಿನ್ ತುಂಬುವಸ್ತು) ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಮೇಲ್ಮೈ ಸ್ವಲ್ಪ ಮೆತ್ತಗಾಗಿ ಒರಟಾಗಬಹುದು, ಅಂಚಿನಲ್ಲಿ ಕಲೆ ಕೂರಬಹುದು, ಅಷ್ಟೇ. ಜಿರ್ಕೋನಿಯಾದಂಥ ಸಿರಾಮಿಕ್‌ಗಂತೂ ಈ ಆಮ್ಲ ದೊಡ್ಡ ಲೆಕ್ಕವಲ್ಲ.

ಹಾಗಾದರೆ ಕ್ಯಾಪ್ ಹಾಕಿಸಿಬಿಡಿ ಅನ್ನಬೇಕಲ್ವಾ? ಈಗಲೇ ಬೇಡ. ಕ್ಯಾಪ್ ಗಟ್ಟಿ ಇದ್ದರೂ ಅದು ಮುಗಿಯುವ ಅಂಚಿನಲ್ಲಿ ನಿಮ್ಮ ಹಲ್ಲೇ ಇರುತ್ತದೆ, ಸವೆತ ಅಲ್ಲಿಂದ ಶುರುವಾಗುತ್ತದೆ. ಹಲ್ಲು ಅರೆದು ಕೂರಿಸುವ ಖರ್ಚಿನ ಕೆಲಸ ಬೇರೆ. ಮೊದಲು ಹೊಟ್ಟೆ.

ಗ್ಯಾಸ್ಟ್ರೋಎಂಟರಾಲಜಿ ಡಾಕ್ಟರನ್ನು ಕಾಣಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮಾತ್ರೆ ವರ್ಷಗಟ್ಟಲೆ ನುಂಗುವುದು ಚಿಕಿತ್ಸೆಯಲ್ಲ. ನುಂಗಲು ಕಷ್ಟ, ತೂಕ ಇಳಿಯುವುದು, ಮಲ ಕಪ್ಪಗಾಗುವುದು ಇದ್ದರೆ ತಡ ಮಾಡಲೇಬೇಡಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡುವಿರಲಿ. ಮಂಚದ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ. ಎಡ ಮಗ್ಗುಲಿಗೆ ಮಲಗಿ.

ಹುಳಿ ಬಾಯಿಗೆ ಬಂದ ಕೂಡಲೇ ಬ್ರಷ್ ಹಿಡಿಯಬೇಡಿ. ಆಗ ಎನಾಮೆಲ್ ಮೆದುವಾಗಿರುತ್ತದೆ, ಉಜ್ಜಿದರೆ ಎದ್ದು ಬರುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ ಉಗಿಯಿರಿ. ಅರ್ಧ ಗಂಟೆ ಬಿಟ್ಟು ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್. ಇದ್ದಿಲು, ಉಪ್ಪು ಬೇಡವೇ ಬೇಡ. ಗ್ಯಾಸ್ ಆಗಿದೆ ಅಂತ ನಿಂಬೆ ಸೋಡಾ ಕುಡಿಯುವ ಅಭ್ಯಾಸ ನಮ್ಮ ಕಡೆ ಬಹಳ. ಅದೂ ಹುಳಿಯೇ ಸ್ವಾಮಿ.

ದಂತವೈದ್ಯರ ಹತ್ತಿರ ಹೋದಾಗ ಮೇಲಿನ ಮುಂಭಾಗದ ಹಲ್ಲುಗಳ ಒಳಬದಿ ನೋಡಲು ಹೇಳಿ. ಆಮ್ಲದ ಗುರುತು ಹೆಚ್ಚಾಗಿ ಮೊದಲು ಮೂಡುವುದು ಅಲ್ಲಿ. ರಾತ್ರಿ ಹಲ್ಲು ಕಡಿಯುತ್ತೀರಾ ಅಂತಲೂ ನೋಡುತ್ತಾರೆ, ಸವೆತಕ್ಕೆ ಅದೂ ಸೇರಿರಬಹುದು. ಜುಮ್ ಅನ್ನುವ ಜಾಗಕ್ಕೆ ಸದ್ಯ ಕಾಂಪೊಸಿಟ್ ಸಾಕು. ಈಗಲೇ ಹಲ್ಲಿನ ಅಚ್ಚು ತೆಗೆಸಿ ಇಟ್ಟುಕೊಳ್ಳಿ. ಆರು ತಿಂಗಳ ನಂತರದ ಅಚ್ಚಿನ ಪಕ್ಕ ಇಟ್ಟು ನೋಡಿದರೆ ಸವೆತ ನಿಂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಿಂತಿದ್ದರೆ, ಆಗ ಯಾವ ಹಲ್ಲಿಗೆ ಕ್ಯಾಪ್ ಬೇಕು ಅನ್ನುವ ಮಾತು ಎತ್ತಿ.