ಕೋಲಾರದಿಂದ ಮಿನಿಕಾಯ್ ದ್ವೀಪಕ್ಕೆ ಹೋಗಿಬರಬಹುದೇ? ಅಲ್ಲಿ ನೋಡಲು ಏನಿದೆ?

ಖಂಡಿತ ಹೋಗಬಹುದು. ಮೊದಲು ಲಕ್ಷದ್ವೀಪ ಆಡಳಿತದ ಪ್ರವೇಶ ಪರವಾನಗಿ ಪಡೆಯಲೇಬೇಕು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿಯಿರಿ. ಹಡಗು ಕೊಚ್ಚಿಯಿಂದ ಹೊರಡುತ್ತದೆ.

1885ರ ದೀಪಸ್ತಂಭವನ್ನು ಎಲ್ಲರೂ ನೋಡುತ್ತಾರೆ. ನನ್ನ ಮಾತು ಕೇಳುವುದಾದರೆ ಹೆಚ್ಚು ಹೊತ್ತು ಊರೊಳಗೆ ಕಳೆಯಿರಿ. ಲಕ್ಷದ್ವೀಪದ ಉಳಿದ ಕಡೆ ಮಲಯಾಳಂ ಬಗೆಯ ಮಾತು. ಇಲ್ಲಿಯವರ ಮನೆಮಾತು ಮಾತ್ರ ಮಹಲ್. ಮಾಲ್ದೀವ್ಸ್‌ನ ಭಾಷೆಗೆ ತೀರಾ ಹತ್ತಿರವಾದ ಇದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಕನ್ನಡ, ತೆಲುಗು ಎರಡನ್ನೂ ಕೇಳುತ್ತ ಬೆಳೆದ ನಮ್ಮ ಜಿಲ್ಲೆಯವರಿಗೆ ಆ ಅಕ್ಷರಗಳನ್ನು ಕಂಡಾಗ ಆಗುವ ಬೆರಗೇ ಬೇರೆ! ಬಣ್ಣ ಬಳಿದ ಉದ್ದನೆಯ ‘ಜಹಾಧೋಣಿ’ ಎಂಬ ದೋಣಿಗಳು ಊರಿನವರ ಹೆಮ್ಮೆ, ಕೇಳದೆ ಹತ್ತಬೇಡಿ. ಜನರ ಫೋಟೊ ತೆಗೆಯುವಾಗಲೂ ಅಷ್ಟೇ, ಒಪ್ಪಿಗೆ ಪಡೆಯಿರಿ. ಬೇಯಿಸಿ, ಹೊಗೆ ಹಾಕಿ ಒಣಗಿಸಿದ ಟ್ಯೂನಾ ಮೀನು ಸಿಕ್ಕರೆ ಮನೆಗೂ ತನ್ನಿ.