ಕ್ಲಾರಿನೆಟ್‌ನ ಮಧ್ಯದ ಬಿ ಫ್ಲಾಟ್ ಮಂಕಾಗೋದಕ್ಕೆ: ಪ್ರತಿಕ್ರಿಯೆ

ಕಾರವಾರದಿಂದ ಕೇಳಿದ್ರಲ್ಲ, ಕ್ಲಾರಿನೆಟ್‌ನ ಮಧ್ಯದ ಎ, ಬಿ ಫ್ಲಾಟ್ ಎರಡೂ ಸ್ವರ ಮಂಕಾಗಿ ಕೇಳ್ತವೆ, ಹೊಸ ರೀಡ್ (ಊದುವಾಗ ಅದುರೋ ಪಟ್ಟಿ) ಹಾಕಿದ್ರೂ ಸರಿ ಹೋಗ್ಲಿಲ್ಲ ಅಂತ. ತಪ್ಪು ನಿಮ್ಮ ತುಟೀದಲ್ಲ ಮಾರಾಯ್ರೆ, ಕ್ಲಾರಿನೆಟ್ ಕಟ್ಟಿರೋ ರೀತೀನೇ ಹಾಗೆ. ರಿಜಿಸ್ಟರ್ ಕೀ, ಅಂದ್ರೆ ಎಡಗೈ ಹೆಬ್ಬೆರಳಿನ ಹತ್ರದ ಕೀ, ಅದರ ಒಂದೇ ಸಣ್ಣ ತೂತು ಮೇಲಿನ ಸ್ವರ ಹತ್ತಿಸ್ಬೇಕು, ಬಿ ಫ್ಲಾಟೂ ನುಡಿಸ್ಬೇಕು, ಎರಡಕ್ಕೂ ಹೊಂದೋ ಅಳತೆ ಇಲ್ಲ, ಹಂಗಾಗಿ ಪೆಟ್ಟು ಬೀಳೋದು ಬಿ ಫ್ಲಾಟಿಗೆ.

ನಿಮ್ಮದು ಬೋಮ್ ಸಿಸ್ಟಮ್ (ಕೀ ಜೋಡಿಸೋ ಒಂದು ಪದ್ಧತಿ) ಆದ್ರೆ ಹೀಗ್ಮಾಡಿ. ಬಿ ಫ್ಲಾಟ್ ಹಿಡಿದಿರುವಾಗ್ಲೇ ಎಡಗೈ ಉಂಗುರ ಬೆರಳು, ಬಲಗೈ ನಡುಬೆರಳು, ಉಂಗುರ ಬೆರಳು ಮೂರನ್ನೂ ತೂತಿನ ಮೇಲೆ ಇಡಿ, ಸ್ವರ ತಕ್ಷಣ ತುಂಬ್ಕೊಳ್ಳುತ್ತೆ, ಶ್ರುತಿ ಏರಿದ್ರೆ ಚೂರು ಇಳಿಯುತ್ತೆ ಕೂಡ. ಎ ಗೆ ಬಲಗೈಯ ಆ ಎರಡು ಬೆರಳು ಸಾಕಾಗ್ಬಹುದು. ಒಂದೊಂದು ವಾದ್ಯಕ್ಕೆ ಒಂದೊಂದು ಹೊಂದುತ್ತೆ, ಟ್ಯೂನರ್ ಆ್ಯಪ್ ಎದುರಿಗಿಟ್ಕೊಂಡು ಬೆರಳು ಬದಲಾಯಿಸಿ ನೋಡಿ. ಇನ್ನೊಂದು ಲಾಭ, ಮುಂದಿನ ಬಿ ಗೆ ಎಲ್ಲಾ ಬೆರಳೂ ಬೇಕಲ್ವಾ, ಬಲಗೈ ಆಗ್ಲೇ ಅರ್ಧ ತಯಾರಾಗಿರುತ್ತೆ.

ನಿಧಾನದ ಆಲಾಪ ಥರದ ಜಾಗದಲ್ಲಿ ಮಾತ್ರ ಎ ಕೀ ಜೊತೆ ಬಲಗಡೆ ಪಕ್ಕದ ಕೀಗಳಲ್ಲಿ ಮೇಲಿಂದ ಎರಡನೇದು ಒತ್ತಿ, ರಿಜಿಸ್ಟರ್ ಕೀ ಬಿಟ್ಬಿಡಿ. ಇದರಷ್ಟು ಸ್ವಚ್ಛ ಬಿ ಫ್ಲಾಟ್ ನಂಗೆ ಬೇರೆ ಯಾವುದ್ರಲ್ಲೂ ಸಿಕ್ಕಿಲ್ಲ, ಆದ್ರೆ ವೇಗದಲ್ಲಿ ಕೈ ತಡವರಿಸುತ್ತೆ.

ಮಳೆಗಾಲ ಬೇರೆ, ಸಿರಸಿಲೂ ಇದೇ ಕಥೆ, ಗುಳುಗುಳು ಶಬ್ದ ಬಂದ್ರೆ ಎ ಕೀ ತೂತಲ್ಲಿ ನೀರು ನಿಂತಿರಬಹುದು, ಆ ಕೀ ಕೆಳಗೆ ಸಿಗರೇಟ್ ಪೇಪರ್ ಇಟ್ಟು ಒತ್ತಿ ತೆಗೀರಿ.